ಸಾವಿಗೆ ಸ್ವಲ್ಪ ಮುಂಚೆ

ತಾಲ್ಲೂಕು ಕಚೇರಿ ಎಂದರೆ ಜನರ ಮನಸ್ಸಿಗೆ ಬರುವುದು ಪಹಣಿ, ಜಾತಿ ಪ್ರಮಾಣಪತ್ರ, ಕೃಷ್ಣೆ ಏರಿದಾಗ ನಡೆಯುವ ನೆರೆ ಸಮೀಕ್ಷೆ. ನೌಕರಿಗೆ ಸೇರುವಾಗ ನಾನೂ ಅಷ್ಟೇ ತಿಳಿದಿದ್ದೆ. ಸತ್ತ ಹೆಣ್ಣುಮಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಬರೆಯುವುದೂ ಇದೇ ನೌಕರಿಯ ಕೆಲಸ ಎಂದು ಯಾರೂ ಹೇಳಿರಲಿಲ್ಲ. ಈಗ ಹೊಸದಾಗಿ ಸೇರುವ ಹುಡುಗಿಯರು ಫೋನು ಮಾಡಿ ಮೊದಲು ಕೇಳುವುದು ಅದನ್ನೇ. "ಮ್ಯಾಡಮ್, ಹೆಣದ ಪಂಚನಾಮೆಗೆ ನಾವು ಖರೇನ ಹೋಗಬೇಕೇನ್ರಿ?" ಹೋಗಬೇಕು. ಅದು ಹೇಗಿರುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಸಹಜವಲ್ಲದ ರೀತಿಯಲ್ಲಿ ಸತ್ತರೆ ಪಂಚನಾಮೆಯನ್ನು ಪೊಲೀಸರು ತಾವೇ ಮಾಡಿ ಮುಗಿಸುವಂತಿಲ್ಲ. ತಾಲ್ಲೂಕು ದಂಡಾಧಿಕಾರಿ ಬರಬೇಕು. ಅಂದರೆ ತಹಶೀಲ್ದಾರರು, ಇಲ್ಲವೇ ಆ ಅಧಿಕಾರ ಇರುವ ನನ್ನಂಥ ಗ್ರೇಡ್-2 ತಹಶೀಲ್ದಾರರು. ನಾನು ಹೆಂಗಸು ಎಂಬ ಕಾರಣಕ್ಕೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿಗೆ ವರ್ಗವಾದರೂ ಈ ಕೆಲಸ ನನ್ನ ಮೇಜಿಗೇ ಬರುತ್ತಿತ್ತು. "ಹೆಣ್ಣಮಗಳ ಕೇಸ ಐತಿ, ಮ್ಯಾಡಮ್ಮಾರನ್ನ ಕಳಸ್ರಿ" ಎನ್ನುವುದು ಎಲ್ಲ ಕಡೆ ರೂಢಿಯಾಗಿತ್ತು.

ನಾವು ಬರೆಯುವ ಕಾಗದಕ್ಕೆ ಇಷ್ಟು ತೂಕ ಯಾಕೆ ಎನ್ನುವುದು ನನಗೆ ತಿಳಿದದ್ದು ಹಿರೇಮಠ ಎಂಬ ಸರ್ಕಾರಿ ವಕೀಲರಿಂದ. ಒಮ್ಮೆ ಕೋರ್ಟಿನ ಜಗಲಿಯ ಮೇಲೆ ಅವರು ಬೆರಳು ಮಡಿಸುತ್ತ ಹೇಳಿದರು: "ನೋಡ್ರಿ, ಬ್ಯಾರೆ ಕೊಲಿ ಕೇಸಿನ್ಯಾಗ ಎಲ್ಲಾ ನಾವ ತೋರಸಬೇಕು. ಆರೋಪಿ ಸುಮ್ಮ ನಿಂತರೂ ನಡೀತೈತಿ. ಇದರಾಗ ಹಂಗಲ್ಲ. ಏಳ ವರ್ಷದ ಒಳಗ ಸತ್ತಾಳು, ಸಹಜ ಸಾವಲ್ಲ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಂತ ಕಾಡ್ಯಾರು. ಇಷ್ಟು ನಾವು ತೋರಿಸಿದ್ರ, ಇವರ ಕಾರಣ ಅಂತ ಕೋರ್ಟು ಭಾವಿಸಬೇಕು. ಭಾವಿಸಬಹುದು ಅಲ್ರಿ, ಭಾವಿಸಲೇಬೇಕು. ಅಲ್ಲಿಂದ ಮುಂದ, ನಾವಲ್ಲ ಅಂತ ಅವರ ತೋರಸಬೇಕು."

ಏಳು ವರ್ಷ ಆಯಿತೋ ಇಲ್ಲವೋ ಎನ್ನುವುದನ್ನು ಲಗ್ನಪತ್ರಿಕೆ ಹೇಳುತ್ತದೆ. ಸಹಜ ಸಾವೋ ಅಲ್ಲವೋ ಎನ್ನುವುದನ್ನು ವೈದ್ಯರು ಹೇಳುತ್ತಾರೆ. ಉಳಿದ ಮಾತು, 'ಸಾವಿಗೆ ಸ್ವಲ್ಪ ಮುಂಚೆ', ಇದಕ್ಕೆ ಯಾವ ಪತ್ರಿಕೆಯೂ ಇಲ್ಲ. ತಾಯಿ, ಅಕ್ಕ, ನೆರೆಮನೆಯಾಕೆ, ಇಂಥವರ ಬಾಯಿಂದ ಅದು ಬರಬೇಕು. ಮೊದಲು ಬರುವುದು ನಮ್ಮ ಎದುರಿಗೆ.

ನನ್ನ ಮೊದಲ ಪಂಚನಾಮೆ ಬೀಳಗಿ ಕಡೆಯ ಒಂದು ಹಳ್ಳಿಯ ಸೊಸೆಯದು. ನೇಣು ಹಾಕಿಕೊಂಡಿದ್ದಾಳೆ ಎಂದಿದ್ದರು. ಆಸ್ಪತ್ರೆಯಲ್ಲಿ ಹೆಣದ ಮೇಲಿನ ಬಟ್ಟೆ ಸರಿಸಿದಾಗ ನನ್ನ ಕಣ್ಣು ಕತ್ತಲಿಟ್ಟಿತು. ಮುಖ, ಕುತ್ತಿಗೆ, ಕೈ ಬೆರಳು ನೋಡಿ, ಒಂದೂವರೆ ಪುಟ ಬರೆದು ಕಚೇರಿಗೆ ಬಂದೆ. ಆಗ ನಮ್ಮ ತಹಶೀಲ್ದಾರರು ದೇಶಪಾಂಡೆ ಎಂಬವರು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಅಚ್ಚುಕಟ್ಟು ಕನ್ನಡ. ಸಿಟ್ಟು ಬಂದರೆ ಎರಡೂ ಸೇರುತ್ತಿದ್ದವು. ನನ್ನ ಕಾಗದ ಓದಿ ಕನ್ನಡಕ ತೆಗೆದರು.

"ಬೆನ್ನಿನ ಮ್ಯಾಲೆ ಏನಿತ್ರಿ?"

"ಬೆನ್ನು ನೋಡಲಿಲ್ಲ ಸರ್."

"ಯಾಕ?"

"ಹೊರಳಿಸಲಿಲ್ಲ ಸರ್."

"ಅಂದ್ರ ನೀವು ಹೆಣ ನೋಡಿಲ್ಲ. ಹೆಣದ ಮಾರಿ ನೋಡಿ ಬಂದೀರಿ."

ಕಾಗದವನ್ನು ನನ್ನ ಎದುರೇ ಹರಿದರು. ಶವಪರೀಕ್ಷೆ ಇನ್ನೂ ಶುರುವಾಗಿರಲಿಲ್ಲವೆಂದು ಅದೇ ಜೀಪಿನಲ್ಲಿ ನನ್ನನ್ನು ತಿರುಗಿ ಕಳಿಸಿದರು. ಆಸ್ಪತ್ರೆಯ ಹೆಂಗಸೊಬ್ಬಳು ಹಿಡಿದಳು, ನಾನೂ ಹಿಡಿದು ಹೊರಳಿಸಿದೆ. ಬೆನ್ನಿನ ಮೇಲೆ ಅಡ್ಡಡ್ಡ ಮೂರು ಬಾಸುಂಡೆ, ಒಂದರ ತುದಿಯಲ್ಲಿ ಬೆಲ್ಟಿನ ಬಕ್ಕಲ್ಲಿನ ಚೌಕ ಗುರುತು. ಆ ಚೌಕವನ್ನು ಅಳತೆಪಟ್ಟಿ ಇಟ್ಟು ಅಳೆದು ಬರೆದೆ.

ಮರುದಿನ ದೇಶಪಾಂಡೆಯವರು ಸಮಾಧಾನದಲ್ಲಿದ್ದರು. "ಕಾನೂನು ಏನು ಭಾವಿಸಬೇಕು ಅನ್ನೂದು ಆಮ್ಯಾಲಿನ ಮಾತು. ನೀವು ಮಾತ್ರ ಏನೂ ಭಾವಿಸಬ್ಯಾಡ್ರಿ. ಕಂಡದ್ದು ಬರೀರಿ, ಕೇಳಿದ್ದು ಬರೀರಿ. ನಡುವ ನಿಮ್ಮ ಶಾಣ್ಯಾತನ ಬ್ಯಾಡ." ಈ ಮಾತನ್ನು ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಕಂಡದ್ದನ್ನು ಬರೆಯುವುದು ಅಂದೇ ಕಲಿತೆ. ಕೇಳಿದ್ದನ್ನು ಬರೆಯುವುದು ಕಲಿಯಲು ಬಹಳ ವರ್ಷ ಹಿಡಿಯಿತು.

ಮುಂದೆ ಬನಹಟ್ಟಿಯಲ್ಲಿ ಒಂದು ಸಾವು. ಮನೆಯೊಳಗೇ ನಾಲ್ಕು ಪವರ್‌ಲೂಮ್ ಇದ್ದ ನೇಕಾರರ ಮನೆ. ಸೊಸೆ ಸುಜಾತಾ, ಮದುವೆಯಾಗಿ ಎರಡು ವರ್ಷ. ಬೆಳಿಗ್ಗೆ ಮಗ್ಗದ ಕೋಣೆ ಒರೆಸಿ, ಒದ್ದೆ ಕಾಲಲ್ಲೇ ಸ್ವಿಚ್ ಹಾಕಲು ಹೋಗಿದ್ದಾಳೆ, ಕರೆಂಟು ಹಿಡಿದಿದೆ. ಹೀಗೆಂದು ಗಂಡನ ಮನೆಯವರ ಮಾತು. ನಾನು ಹೋದಾಗ ಓಣಿ ತುಂಬ ಜನ. ಯಾವಾಗಲೂ ಖಟಪಟ ಎನ್ನುವ ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ.

ಸುಜಾತಾಳ ತಂದೆ ಈರಪ್ಪ ಮುಧೋಳ ಕಡೆಯವನು, ಶೇಂಗಾ ವ್ಯಾಪಾರ ಮಾಡುವವನು. ಬಾಗಿಲಲ್ಲೇ ನನ್ನ ಕಾಲು ಹಿಡಿದ. "ನನ್ನ ಮಗಳನ್ನ ಕೊಂದಾರ್ರೀ ಅಮ್ಮಾರ. ಇನ್ನೊಂದು ಮಗ್ಗ ಕೊಡಸು, ಇನ್ನೊಂದು ಮಗ್ಗ ಕೊಡಸು ಅಂತ ಜೀವಾ ತಿಂದಾರು. ಆ ಮುದುಕಿನ್ನ ಬಿಡಬ್ಯಾಡ್ರಿ."

ಮುದುಕಿ ಎಂದರೆ ಅತ್ತೆ ಕಮಲವ್ವ. ಗೋಡೆಗೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಬಲಗೈಗೆ ಸೀರೆಯ ಸೆರಗು ಸುತ್ತಿಕೊಂಡಿದ್ದಳು. ಅಳದ ಅತ್ತೆಯನ್ನು ನೋಡಿ ಓಣಿಯವರೆಲ್ಲ ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಖರೆ ಹೇಳಬೇಕೆಂದರೆ ನಾನೂ ಬಂದಿದ್ದೆ. ಆದರೂ ಕೈ ಯಾಕೆ ಸುತ್ತಿಕೊಂಡಿದ್ದಾಳೆ ಎಂದು ಕೇಳಿದೆ. ಆಕೆ ಸೆರಗು ಬಿಚ್ಚಿದಳು. ಅಂಗೈಗೆ ಅಡ್ಡಲಾಗಿ ಚರ್ಮ ಬಿಳುಚಿ ಸುಟ್ಟಿತ್ತು, ಎರಡು ಬೆರಳಿನ ತುದಿ ಕಪ್ಪಾಗಿತ್ತು.

"ಇದೇನು?"

"ಎಳದ್ನಿರಿ," ಎಂದಳು. "ಕರೆಂಟು ಆಕಿ ಕೈ ಬಿಡಲಿಲ್ಲ, ಅದಕ ಎಳದ್ನಿ. ನನ್ನ ಹೊರಗ ಒಗೀತು. ಮತ್ತ ಎದ್ದು ಹೋಗೂದ್ರಾಗ…"

ಬರೆಯತೊಡಗಿದೆ. ನನ್ನ ಜೊತೆ ಬಂದಿದ್ದ ಎಎಸ್‌ಐ ನದಾಫ ಬಗ್ಗಿ ಮೆಲ್ಲಗೆ ಹೇಳಿದರು: "ಅಮ್ಮಾರ, ಆರೋಪಿ ಆಗಾಕಿ ಗಾಯ ನಿಮ್ಮ ಪಂಚನಾಮೆದಾಗ ಯಾಕ್ರಿ? ಸತ್ತಾಕಿದು ಬರೀರಿ ಸಾಕು." ಕೆಟ್ಟ ಮನುಷ್ಯರಲ್ಲ, ಪದ್ಧತಿ ಹಾಗಿತ್ತು. ನಾನು ಕೋಣೆಯಲ್ಲಿ ಕಂಡದ್ದನ್ನೆಲ್ಲ ಬರೆದೆ. ಒದ್ದೆ ನೆಲ, ಬಕೆಟ್ಟು, ಬೋರ್ಡಿನಿಂದ ಹೊರಬಿದ್ದ ತಾಮ್ರದ ತಂತಿ, ಅತ್ತೆಯ ಅಂಗೈ, ಎಲ್ಲ.

ಆಮೇಲೆ ಈರಪ್ಪನನ್ನು ಬೇರೆ ಕೂರಿಸಿಕೊಂಡು, ಮಗ್ಗ ಕೊಡಿಸೆಂದು ಯಾವಾಗ ಕೇಳಿದ್ದರು ಎಂದೆ.

"ಯಾವಾಗ ಅಂದ್ರ? ಕೇಳ್ಯಾರ್ರೀ."

"ಈ ವರ್ಷವೋ, ಹೋದ ವರ್ಷವೋ? ಯಾರ ಮುಂದೆ?"

"ಲಗ್ನದ ಮಾತುಕತಿ ಆಗುಮುಂದ ಕೇಳಿದ್ರು," ಎಂದ. "ನನಗ ಆಗೂದಿಲ್ಲ ಅಂದ್ನಿ. ಹಂಗ ಆಗ್ಲಿ ಅಂದ್ರು." ಅದನ್ನೂ ಹಾಗೆಯೇ ಬರೆದು ಓದಿ ಹೇಳಿ ಸಹಿ ಮಾಡಿಸಿಕೊಂಡೆ.

ಆದರೆ ಪೊಲೀಸರು ಮುಂದೆ ಮಾಡಿದ ಕಾಗದಗಳಲ್ಲಿ ಆ ಮಾತಿಗೆ 'ಇತ್ತೀಚಿನವರೆಗೂ' ಎಂಬ ಶಬ್ದ ಬಂದು ಸೇರಿತ್ತು. ಈರಪ್ಪನ ದುಃಖ ಅದನ್ನು ಸೇರಿಸಿತೋ, ಬರೆದವರ ರೂಢಿ ಸೇರಿಸಿತೋ ನಾನರಿಯೆ. ಆ ಒಂದು ಶಬ್ದದಿಂದ ಮೂರೂ ಮಾತು ಕೂಡಿದಂತಾಗಿ ಕಮಲವ್ವ ಮತ್ತು ಆಕೆಯ ಮಗ, ಅಂದರೆ ಸುಜಾತಾಳ ಗಂಡ, ಇಬ್ಬರೂ ಜೈಲಿಗೆ ಹೋದರು. ಕಮಲವ್ವ ಜಾಮೀನಿನ ಮೇಲೆ ಬರುವುದಕ್ಕೇ ತಿಂಗಳುಗಳು ಹಿಡಿದವು. ಸಾಕ್ಷಿ ಹೇಳುವ ದಿನ ಈರಪ್ಪ ಕಟಕಟೆಯಲ್ಲಿ ನಿಂತು ಕಮಲವ್ವನ ಕೈಯನ್ನೇ ನೋಡುತ್ತಿದ್ದ. ಎರಡು ಬೆರಳು ಮಡಚಿಕೊಂಡೇ ಉಳಿದಿದ್ದವು. ವಕೀಲರು ಎರಡನೇ ಸಲ ಕೇಳುವ ಮೊದಲೇ ಹೇಳಿಬಿಟ್ಟ: "ಕೇಳಿದ್ದು ಖರೆ. ಲಗ್ನದಕಿಂತ ಮೊದಲ ಕೇಳಿದ್ದು. ಆಮ್ಯಾಲ ಯಾರೂ ಕೇಳಿಲ್ಲ." ಬಿಡುಗಡೆಯಾಯಿತು. ಅಷ್ಟರಲ್ಲಿ ನಾಲ್ಕು ಮಗ್ಗವೂ ಬೇರೆಯವರ ಮನೆ ಸೇರಿದ್ದವು; ಮಗ ಕೂಲಿ ನೇಯಲು ಇಚಲಕರಂಜಿಗೆ ಹೋದ.

ಕೋರ್ಟಿನ ಬಾಗಿಲಲ್ಲಿ ಕಮಲವ್ವ ಸಿಕ್ಕಳು. "ಅಷ್ಟು ಮಂದಿ ಬಂದು ಹ್ವಾದ್ರು. ನನ್ನ ಕೈ ನೋಡಿದಾಕಿ ನೀವ ಒಬ್ಬಾಕಿ," ಎಂದಳು. ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಈ ಕೆಲಸ ನನಗೆ ಬಂತು ಎಂದುಕೊಂಡೆ.

ಇಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಕಾರ್ಬನ್ ಇಟ್ಟು ಮೂರು ಪ್ರತಿ ಬರೆಯುವುದು ನಿಂತು ಲ್ಯಾಪ್‌ಟಾಪ್ ಬಂದಿತ್ತು. ಗುಮಾಸ್ತ ಟೈಪು ಮಾಡುತ್ತಿದ್ದ, ನಾನು ಹೇಳುತ್ತಿದ್ದೆ. ಕೈಯಿಂದ ಬರೆಯುವಾಗ ಎದುರಿನವರ ಮಾತಿನ ಹಿಂದೆ ಹಿಂದೆ ಹೋಗಬೇಕಾಗುತ್ತಿತ್ತು. ಟೈಪಿಗೆ ಹೇಳುವಾಗ ನಾನೇ ಮುಂದೆ ಮುಂದೆ ಹೋಗತೊಡಗಿದೆ. ಅದೂ ಅಲ್ಲದೆ ನಮ್ಮದು ಜಮಖಂಡಿಯ ಹಳೆಯ ಮನೆತನ; ಮನೆಯಲ್ಲಿ ಅರ್ಧ ಮರಾಠಿ, ಶಾಲೆಯಲ್ಲಿ ಕಲಿತದ್ದು ಪುಸ್ತಕದ ಕನ್ನಡ. ಹಳ್ಳಿಯವರ ಮಾತು ನನಗೆ ತಿಳಿಯುತ್ತಿತ್ತು. ಆದರೆ ಕಾಗದಕ್ಕೆ ಹಾಕುವಾಗ ಅದನ್ನು 'ಚೊಕ್ಕ' ಮಾಡುವ ಚಟ ನನಗಿತ್ತು.

ರೇಣುಕಾ ಎಂಬಾಕೆ ಸತ್ತದ್ದು ದೀಪಾವಳಿಗೆ ವಾರ ಇರುವಾಗ. ತವರು ಚಿಮ್ಮಡ, ಗಂಡನ ಮನೆ ಹಿಪ್ಪರಗಿ ಬ್ಯಾರೇಜಿನ ಆಚೆಯ ಒಂದು ಹಳ್ಳಿ. ಮದುವೆಯಾಗಿ ಮೂರು ವರ್ಷ. ಗಂಡ ಪರಸಪ್ಪ ಹಂಗಾಮಿನಲ್ಲಿ ಕಬ್ಬು ಸಾಗಿಸುವವನು. ತೋಟದ ಬಾವಿಯಲ್ಲಿ ಬಟ್ಟೆ ಒಗೆಯಲು ಹೋಗಿ ಕಾಲು ಜಾರಿದ್ದಾಳೆ ಎಂದು ಅವನ ಮಾತು. ನಾನು ಬಾವಿಯನ್ನೂ ನೋಡಿದೆ, ಹೆಣವನ್ನೂ ಹೊರಳಿಸಿ ನೋಡಿದೆ. ಬಾವಿಯ ಕಟ್ಟೆಯ ಮೇಲಾಗಲಿ ಮೆಟ್ಟಿಲ ಮೇಲಾಗಲಿ ಒಂದು ಬಟ್ಟೆಯೂ ಇರಲಿಲ್ಲ, ಸಾಬೂನೂ ಇರಲಿಲ್ಲ. ಎರಡೂ ತೋಳಿನ ಮೇಲ್ಭಾಗದಲ್ಲಿ ಬೆರಳು ಒತ್ತಿದಂಥ ಕಂದು ಗುರುತುಗಳಿದ್ದವು. ಎಲ್ಲ ಬರೆಸಿದೆ. ಇಷ್ಟರ ಮಟ್ಟಿಗೆ ತಪ್ಪಿಲ್ಲ.

ರೇಣುಕಾಳ ತಾಯಿ ಮಲ್ಲವ್ವ ವಿಧವೆ. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಳು. ಮೂರು ಗಂಟೆಗೆ ನನಗೆ ಜಿಲ್ಲಾಧಿಕಾರಿಗಳ ಮೀಟಿಂಗು, ಬೆಳೆಹಾನಿಯ ವರದಿ ಒಪ್ಪಿಸುವುದಿತ್ತು. ಗಡಿಯಾರ ನೋಡುತ್ತಲೇ ಆಕೆಯ ಎದುರು ಕೂತೆ.

"ಹ್ವಾದ ಪಂಚಮಿಗಿ ಬಂದಾಗ ಅಂದಿದ್ಲರೀ," ಎಂದಳು ಮಲ್ಲವ್ವ. "ಟ್ರ್ಯಾಕ್ಟರಿಗೆ ಹಚ್ಚೂ ಟ್ರೇಲರ್ ನಿಮ್ಮವ್ವ ಕೊಡಸ್ಲಿ ಅಂತ ಹೊಡೀತಾನಬೇ ಅಂತ. ತೋಳ ತೋರಿಸಿದ್ಲು."

ನಾನು ಗುಮಾಸ್ತನಿಗೆ ಹೇಳಿದೆ: "ಕಳೆದ ವರ್ಷ ನಾಗರಪಂಚಮಿ ಹಬ್ಬಕ್ಕೆ ಮೃತಳು ತವರಿಗೆ ಬಂದಾಗ, ತನ್ನ ಪತಿಯು ಟ್ರೇಲರ್ ಕೊಡಿಸುವಂತೆ ಪೀಡಿಸಿ ಹೊಡೆಯುತ್ತಿರುವುದಾಗಿ ತಿಳಿಸಿದ್ದಳು." ಆಮೇಲೆ ಅದನ್ನು ಓದಿ ಹೇಳಿದೆ. ಮಲ್ಲವ್ವ ಹೌದ್ರಿ ಎಂದಳು. ಆ ಹೊತ್ತಿನಲ್ಲಿ, ಆ ಕನ್ನಡದಲ್ಲಿ, ನಾನು ಏನು ಓದಿದ್ದರೂ ಆಕೆ ಹೌದ್ರಿ ಎನ್ನುತ್ತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡು ಮೀಟಿಂಗಿಗೆ ಓಡಿದೆ.

ಪಂಚಮಿ ಬರುವುದು ಶ್ರಾವಣದಲ್ಲಿ. ಆಕೆಯ 'ಹ್ವಾದ ಪಂಚಮಿ' ಸಾವಿಗಿಂತ ಎರಡೂವರೆ ತಿಂಗಳ ಹಿಂದಿನದು. ನನ್ನ 'ಕಳೆದ ವರ್ಷ' ಅದನ್ನು ಇನ್ನೂ ಒಂದು ವರ್ಷ ಹಿಂದಕ್ಕೆ ದೂಡಿತು. ಮುಂದಿನ ಕಾಗದಗಳೆಲ್ಲ ನನ್ನದನ್ನು ನೋಡಿಯೇ ತಯಾರಾದವು.

ನಾಲ್ಕು ವರ್ಷದ ಮೇಲೆ ಸಮನ್ಸ್ ಬಂದಾಗ ನಾನು ಬೇರೆ ತಾಲ್ಲೂಕಿನಲ್ಲಿದ್ದೆ. ಕೇಸು ನಡೆಸುತ್ತಿದ್ದವರು ಹಿರೇಮಠರೇ. ಕೋರ್ಟಿಗೆ ಹೋದಾಗ ಅವರು ಮುಖ ಗಂಟಿಕ್ಕಿಕೊಂಡು ನಾನು ಬರೆಸಿದ್ದ ಮಲ್ಲವ್ವನ ಹೇಳಿಕೆಯ ಪ್ರತಿ ಮುಂದೆ ಇಟ್ಟರು.

"ಮಲ್ಲವ್ವ ಕಟಕಟೆದಾಗ ಆ ವರ್ಷದ ಪಂಚಮಿನ ಅಂದಾಳ. ನಿಮ್ಮ ಕಾಗದ ಹಿಂದಿನ ವರ್ಷ ಅಂತೈತಿ. ಯಾವುದು ಖರೆ?"

ಓದುತ್ತಿದ್ದ ಹಾಗೆ ನನಗೆ ಆಸ್ಪತ್ರೆಯ ಕಟ್ಟೆ, ಆಕೆಯ ದನಿ, ನನ್ನ ಗಡಿಯಾರ ಎಲ್ಲ ನೆನಪಾದವು. "ಆಕೆ ಹೇಳಿದ್ದು ಖರೆ. ಬರೆದದ್ದು ನನ್ನ ತಪ್ಪು," ಎಂದೆ.

"ಅದನ್ನ ಕಟಕಟೆದಾಗ ಹೇಳ್ರಿ. ಏನಾಗತೈತಿ ನೋಡೂಣು."

ಏನಾಯಿತೆಂದರೆ, ಪರಸಪ್ಪನ ವಕೀಲರು ಬಹಳ ಮರ್ಯಾದೆಯಿಂದ ಶುರು ಮಾಡಿದರು.

"ಮ್ಯಾಡಮ್, ನೀವು ಪದವೀಧರರು?"

"ಹೌದು."

"ಹೇಳಿಕೆ ಓದಿ ಹೇಳಿ, ಸರಿ ಇದೆ ಅಂತ ಅವರು ಒಪ್ಪಿದ ಮೇಲೆ ಹೆಬ್ಬೆಟ್ಟು ತಗೊಂಡ್ರಿ?"

"ಹೌದು. ಆದರೆ ಅವರು ಹೇಳಿದ್ದು 'ಹ್ವಾದ ಪಂಚಮಿ' ಎಂದು. 'ಕಳೆದ ವರ್ಷ' ಎನ್ನುವುದು ನನ್ನ ಮಾತು."

"ಅಂದ್ರ ಸಾಕ್ಷಿದಾರರ ಹೇಳಿಕೆಯನ್ನ ನೀವು ತಿದ್ದಿದ್ರಿ?"

"ಭಾಷೆ ತಿದ್ದಿದೆ."

"ಹೌದೋ, ಅಲ್ಲವೋ?"

"ಹೌದು."

"ಹಂಗಾದ್ರ ಬಾವಿ ಕಟ್ಟಿ ಮ್ಯಾಲ ಬಟ್ಟಿ ಇರಲಿಲ್ಲ, ತೋಳಿನ ಮ್ಯಾಲ ಗುರುತು ಇದ್ವು ಅಂತ ಬರದೀರಲ್ಲ, ಅದರಾಗೂ ಏನೇನು ತಿದ್ದೀರಿ?"

ನ್ಯಾಯಾಧೀಶರು ತಲೆಯೆತ್ತಿ ನನ್ನನ್ನು ನೋಡಿದರು. ತಪ್ಪು ಒಪ್ಪಿಕೊಂಡರೆ ಒಂದು ಶಬ್ದ ಸರಿಹೋಗುತ್ತದೆ ಎಂದುಕೊಂಡಿದ್ದೆ. ಈಗ ಇಡೀ ಪಂಚನಾಮೆಗೇ ಬೆಂಕಿ ತಾಗಿತ್ತು. ಸಾವಿಗೆ ಹದಿನಾಲ್ಕು ತಿಂಗಳ ಹಿಂದಿನ ಪೀಡನೆ 'ಸ್ವಲ್ಪ ಮುಂಚೆ' ಆಗುವುದಿಲ್ಲ. ಆ ಒಂದು ಕೊಂಡಿ ಬಿಟ್ಟರೆ ಕೋರ್ಟು ಭಾವಿಸಲೇಬೇಕು ಎನ್ನುವ ಮಾತೇ ಏಳುವುದಿಲ್ಲ. ಮೂವತ್ತು ವರ್ಷಕ್ಕೆ ಸಮೀಪದ ನೌಕರಿಯಲ್ಲಿ ಅಷ್ಟು ಸಣ್ಣವಳಾಗಿ ನಾನು ಎಲ್ಲಿಯೂ ನಿಂತಿರಲಿಲ್ಲ.

ಹೊರಗೆ ಜಗಲಿಯಲ್ಲಿ ಮಲ್ಲವ್ವ ಕೂತಿದ್ದಳು. ತನ್ನ ಸಾಕ್ಷಿ ಮುಗಿದಿದ್ದರೂ ಪ್ರತಿ ತಾರೀಖಿಗೆ ಚಿಮ್ಮಡದಿಂದ ಬಸ್ಸು ಹಿಡಿದು ಬರುತ್ತಿದ್ದಳಂತೆ. ನಾನು ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗಿ ಪಕ್ಕದಲ್ಲಿ ಕೂತೆ.

"ತಪ್ಪಾಯಿತು ಮಲ್ಲವ್ವ," ಎಂದೆ.

"ಏನ್ ತಪ್ರೀ?"

ಬಿಡಿಸಿ ಹೇಳಿದೆ. ಆಕೆ ಹೇಳಿದ್ದು ಈಚಿನ ಪಂಚಮಿ, ನಾನು ಬರೆದದ್ದು ಅದರ ಹಿಂದಿನ ವರ್ಷದ್ದು, ಈಗ ಯಾವುದು ಖರೆ ಎಂದು ತೋರಿಸಲು ದಾರಿ ಇಲ್ಲ ಎಂದು. ಮಲ್ಲವ್ವ ನನ್ನ ಮುಖವನ್ನೇ ನೋಡಿದಳು. ತಿಳಿಯದವರನ್ನು ನೋಡುವ ಹಾಗೆ ನೋಡಿದಳು.

"ಅದರ ಹಿಂದಿನ ವರ್ಷ ಹೊಟ್ಟ್ಯಾಗ ಎಲ್ಲಿತ್ರೀ?"

"ಏನು ಎಲ್ಲಿತ್ತು?"

"ಕೂಸು. ಆಕಿ ಆ ಪಂಚಮಿಗಿ ಬಂದಾಗ ಶೇಂಗಾದ ಉಂಡಿ ಕೊಟ್ನಿ. ಬಾಯಾಗ ಹಾಕ್ಕೊಂಡಾಕಿ ಹಿತ್ತಲಕ ಓಡಿದ್ಲು. ಆಗ ತಿಳೀತು ನನಗ. ಎರಡನೇದು ತಿಂಗಳಂತ. ಮೂರ ವರ್ಷಕ್ಕ ನಿಂತಿತ್ತಲ್ರೀ, ನಾ ಬೆಲ್ಲಾ ತಿನಸಾಕ ಹೋದ್ನಿ, ಆಕಿ ಅಳಾಕ ಹತ್ತಿದ್ಲು. ಹಡಿಯೂದ್ರಾಗ ಟ್ರೇಲರ್ ಬರಲಿಲ್ಲಂದ್ರ ಬಾಣಂತನಕ್ಕ ಕಳಸೂದಿಲ್ಲ ಅಂದಾನಬೇ ಅಂತ ಆವಾಗ ಹೇಳಿದ್ದು."

"ಇದನ್ನು ಯಾರಿಗೂ ಹೇಳಲಿಲ್ಲವೇ? ಪೊಲೀಸರಿಗೆ? ವಕೀಲರಿಗೆ?"

"ಯಾರೂ ಕೇಳಲಿಲ್ಲಲ್ರೀ. ಡಾಕ್ಟರು ಹೊಟ್ಟಿ ಕೊಯ್ದು ನೋಡ್ಯಾರ. ನಿಮಗೆಲ್ಲಾ ಗೊತ್ತೈತಿ ಅಂತ ತಿಳಿದಿದ್ನಿ."

ಎದ್ದು ಹಿರೇಮಠರ ಕೋಣೆಗೆ ಓಡಿದೆ. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಮುಚ್ಚಿ ಫೈಲು ತೆಗೆದರು. ಶವಪರೀಕ್ಷೆಯ ವರದಿಯ ಎರಡನೇ ಪುಟದ ಕೆಳಗೆ ಇತ್ತು: ಗರ್ಭಕೋಶದಲ್ಲಿ ಸುಮಾರು ಹದಿನೆಂಟು ವಾರದ ಭ್ರೂಣ. ಅವರೂ ಅದನ್ನು ಓದಿದ್ದರು, ಪೊಲೀಸರೂ ಓದಿದ್ದರು. ನಾನು ಮಾತ್ರ ಓದಿರಲಿಲ್ಲ. ಆ ವರದಿ ಬರುವ ಮೊದಲೇ ನನ್ನ ಕಾಗದ ಕಳಿಸಿ ಕೈತೊಳೆದುಕೊಂಡಿದ್ದೆ. ಅದನ್ನು ಪಂಚಮಿಯ ಜೊತೆ ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ದೀಪಾವಳಿಗೆ ವಾರ ಇರುವಾಗ ಹದಿನೆಂಟು ವಾರ. ಹಿರೇಮಠರು ಬೆರಳ ಗೆಣ್ಣಿನ ಮೇಲೆ ಹಿಂದಕ್ಕೆ ಎಣಿಸಿದರು. ಎರಡನೇ ತಿಂಗಳು ಶ್ರಾವಣಕ್ಕೆ ಬಂದು ನಿಂತಿತು.

"ನಾಲ್ಕ ವರ್ಷದಿಂದ ಈ ಫೈಲ್ ನನ್ನ ಬಗಲಾಗ ಐತಿ," ಎಂದರು. ಆ ದಿನ ಅವರು ಊಟ ಮಾಡಲಿಲ್ಲ.

ಮಲ್ಲವ್ವನನ್ನು ಮತ್ತೆ ಕರೆಯಬೇಕೆಂದು ಅರ್ಜಿ ಹಾಕಿದರು. ಎದುರಿನವರು ಬಲವಾಗಿ ವಿರೋಧಿಸಿದರು. ಇದು ಆಮೇಲೆ ಹೆಣೆದ ಕತೆ ಎಂದರು. ನ್ಯಾಯಾಧೀಶರು ಎರಡೂ ಕಡೆ ಕೇಳಿ ಅರ್ಜಿ ಒಪ್ಪಿದರು. ಆ ದಿನ ನಾನು ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮಲ್ಲವ್ವ ಜಗಲಿಯಲ್ಲಿ ಹೇಳಿದ್ದನ್ನೇ, ಅದೇ ಮಾತಿನಲ್ಲಿ, ಉಂಡಿಯಿಂದ ಹಿಡಿದು ಹೇಳಿದಳು. ಈ ಸಲ ನ್ಯಾಯಾಧೀಶರು 'ಹ್ವಾದ ಪಂಚಮಿ' ಎಂಬ ಶಬ್ದವನ್ನು ಹಾಗೆಯೇ ಬರೆಸಿದರು.

ಪರಸಪ್ಪನ ವಕೀಲರು ಎದ್ದರು. "ಇಷ್ಟು ದೊಡ್ಡ ಮಾತು ನಾಲ್ಕು ವರ್ಷ ಯಾಕ ಹೇಳಲಿಲ್ಲ?"

"ಕೇಳಲಿಲ್ಲರಿ."

"ಹಿಂದ ಕುಂತಾರಲ್ಲ ಆ ಮ್ಯಾಡಮ್, ತಮ್ಮ ತಪ್ಪು ಮುಚ್ಚಾಕ ಅವರ ನಿಮಗ ಹೇಳಿಕೊಟ್ಟಾರು. ಹೌದಲ್ಲ?"

ಮಲ್ಲವ್ವ ತಿರುಗಿ ನನ್ನನ್ನು ನೋಡಿ, ಮತ್ತೆ ಅವರ ಕಡೆ ತಿರುಗಿದಳು. "ಹೊಟ್ಟ್ಯಾಗಿನ ಕೂಸು ಅವರು ಹೇಳಿಕೊಟ್ಟು ಬರತೈತೇನ್ರೀ?"

ವಕೀಲರು ಬೇರೆ ಪ್ರಶ್ನೆ ಇಲ್ಲ ಎಂದು ಕೂತರು. ವೈದ್ಯರನ್ನೂ ಮತ್ತೆ ಕರೆಸಿ ವಾರಗಳ ಲೆಕ್ಕ ಕೇಳಿದರು. ಹಿಂದಿನ ವರ್ಷದ ಪಂಚಮಿ ಆಗಲು ಸಾಧ್ಯವೇ ಇಲ್ಲ ಎನ್ನುವುದು ನಿಂತಿತು.

ಅಲ್ಲಿಂದ ಹೊರೆ ಪರಸಪ್ಪನ ತಲೆಯ ಮೇಲೆ ಬಂತು. ಜಾರಿ ಬಿದ್ದಳು ಎಂದು ಈಗ ಅವನು ತೋರಿಸಬೇಕಿತ್ತು. ಒಗೆಯಲು ಒಯ್ದ ಬಟ್ಟೆ ಎಲ್ಲಿ ಹೋದವು ಎಂದು ಕೇಳಿದರೆ ಗೊತ್ತಿಲ್ಲ ಎಂದ. ತೋಳಿನ ಗುರುತು ಹೇಗೆ ಬಂದವು ಎಂದರೆ ಅದೂ ಗೊತ್ತಿಲ್ಲ ಎಂದ. ನನ್ನ ಪಂಚನಾಮೆಯ ಆ ಎರಡು ಸಾಲನ್ನು ವೈದ್ಯರ ವರದಿಯೂ ಫೋಟೋಗಳೂ ಎತ್ತಿ ಹಿಡಿದವು, ನನ್ನ ಮಾತಲ್ಲ. ಹತ್ತು ವರ್ಷ ಶಿಕ್ಷೆಯಾಯಿತು. ತೀರ್ಪು ಕೇಳುವಾಗ ಅವನು ಅತ್ತ. ಬನಹಟ್ಟಿಯ ಕಮಲವ್ವ ಅತ್ತಿರಲಿಲ್ಲ. ಅಳುವನ್ನಾಗಲಿ ಅಳದಿರುವುದನ್ನಾಗಲಿ ಸಾಕ್ಷಿ ಎಂದು ಬರೆಯಬೇಡಿ ಎಂದು ಇದಕ್ಕೇ ನಿಮಗೆ ಹೇಳುವುದು.

ಈಗ ಕಾನೂನಿನ ಪುಸ್ತಕ ಹೊಸದು, ಕಲಮುಗಳ ಸಂಖ್ಯೆ ಬೇರೆ. ಮೂರು ಮಾತು ಮಾತ್ರ ಅವೇ. ಹೇಳಿಕೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ. ಒಳ್ಳೆಯದು, ಯಾರ ಬಾಯಿಂದ ಯಾವ ಶಬ್ದ ಬಂತೋ ಅದೇ ಉಳಿಯುತ್ತದೆ. ಆದರೆ ಕೇಳದ ಪ್ರಶ್ನೆಗೆ ಮೊಬೈಲಿನಲ್ಲಿಯೂ ಉತ್ತರ ಸಿಗುವುದಿಲ್ಲ. 'ಯಾವ ಪಂಚಮಿ?' ಎಂದು ಕೇಳಲು ನನಗೆ ಬೇಕಾಗಿದ್ದದ್ದು ಅರ್ಧ ನಿಮಿಷ.

ತೀರ್ಪಿನ ದಿನ ಮಲ್ಲವ್ವ ಜಗಲಿಯ ಮೆಟ್ಟಿಲಿಳಿದು ನನ್ನ ಹತ್ತಿರ ಬಂದಳು. ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಮುಗೀತೇನ್ರೀ?"

"ಇಲ್ಲಿಯದು ಮುಗಿಯಿತು. ಅವರು ಮೇಲಿನ ಕೋರ್ಟಿಗೆ ಹೋಗಬಹುದು."

"ಹೋಗ್ಲಿ." ಸೆರಗು ಸರಿಮಾಡಿಕೊಂಡಳು. "ಆವತ್ತ ಆಸ್ಪತ್ರಿ ಕಟ್ಟಿ ಮ್ಯಾಲ ಕೇಳಿದ್ರ ಆವತ್ತ ಹೇಳ್ತಿದ್ನಿರಿ ಅಮ್ಮಾರ."

"ಗೊತ್ತು," ಎಂದೆ.

ಚಿಮ್ಮಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ಆಕೆಯ ಜೊತೆ ನಿಲ್ದಾಣದವರೆಗೆ ನಡೆದೆ. ಬೆಂಚಿನ ಮೇಲೆ ಕೂತ ಮೇಲೆ, ನಾಲ್ಕು ವರ್ಷದಲ್ಲಿ ಯಾವ ಕಾಗದಕ್ಕೂ ಬೇಕಾಗಿರದ ಒಂದು ಪ್ರಶ್ನೆ ಕೇಳಿದೆ: "ರೇಣುಕಾ ಹೆಂಗಿದ್ಲು ಮಲ್ಲವ್ವ?"

ಮಲ್ಲವ್ವ ಒಮ್ಮೆ ನನ್ನ ಖಾಲಿ ಕೈ ನೋಡಿದಳು. "ಬರಕೊಳ್ಳೂದಿಲ್ಲೇನ್ರೀ?"

"ಇಲ್ಲ."

"ಹಂಗಾದ್ರ ಹೇಳ್ತೀನಿ," ಎಂದು ಕಾಲು ಮಡಿಚಿ ಸರಿಯಾಗಿ ಕೂತಳು. ಬಸ್ಸು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಆಕೆ ಹೇಳುತ್ತಲೇ ಇದ್ದಳು.